ಗೆರೆಯಂಚಿನ ಎಡಚ

ಫುಟ್‌ಬಾಲಿನಲ್ಲಿ ಹನ್ನೊಂದು ಜನ ಆಡುತ್ತಾರೆ ಎನ್ನುವವರು ವಿಂಗರ್ ಎಂಬ ಪ್ರಾಣಿಯನ್ನು ಹತ್ತಿರದಿಂದ ನೋಡಿದವರಲ್ಲ. ಆಡುವವರು ಹತ್ತು ಜನ. ಹನ್ನೊಂದನೆಯವನು ಮೈದಾನದ ಅಂಚಿನ ಬಿಳಿ ಗೆರೆಯ ಪಕ್ಕ ಸೊಂಟದ ಮೇಲೆ ಕೈಯಿಟ್ಟುಕೊಂಡು, ಬಸ್ಸಿಗೆ ಕಾಯುವವನ ಹಾಗೆ ನಿಂತಿರುತ್ತಾನೆ. ಚೆಂಡು ಬಂತೋ, ಮುಗಿಯಿತು, ಗೆರೆಗುಂಟ ಬಿದ್ದಂಬೀಳ ಓಟ. ಮೂಲೆ ಮುಟ್ಟಿ ಚೆಂಡನ್ನು ಗೋಲಿನ ಮುಂದಕ್ಕೆ ಎತ್ತಿ ಹಾಕಿದರೆ ಅವನ ಕೆಲಸ ಆಯಿತು. ತಲೆ ಕೊಟ್ಟು ಗೋಲು ಹೊಡೆದವನನ್ನು ಎಲ್ಲರೂ ಹೊತ್ತು ಕುಣಿಯುತ್ತಾರೆ, ಇವನು ಮೂಲೆಯಲ್ಲಿ ಏದುಸಿರು ಬಿಡುತ್ತ ನಿಂತಿರುತ್ತಾನೆ. ಹಾಗಂತ ಬೇರೆ ಜಾಗಕ್ಕೆ ಬಾ ಎಂದು ಕರೆದು ನೋಡಿ, ತಿಪ್ಪರಲಾಗ ಹಾಕಿದರೂ ಬರುವುದಿಲ್ಲ. ಅದೊಂದು ಹುಚ್ಚು.

ನಮ್ಮ ಎಡಚನಿಗೆ ಈ ಹುಚ್ಚು ಹತ್ತಿಸಿದ್ದು ಒಂದು ಮೋರಿ. ಹುಟ್ಟಿದೂರಿನಲ್ಲಿ ಅವರ ಮನೆಯ ಹಿಂದೆ ಒಂದು ಗಲ್ಲಿ. ಒಂದು ಬದಿಗೆ ಗೋಡೆ, ಇನ್ನೊಂದು ಬದಿಗೆ ಬಾಯಿ ತೆರೆದ ಮೋರಿ. ಸಂಜೆಯಾದರೆ ಅಲ್ಲಿ ಅಣ್ಣನ ಗುಂಪಿನ ಆಟ. ಮೋರಿಯ ಬದಿಗೆ ಯಾರೂ ನಿಲ್ಲಲೊಲ್ಲರು. ಎಲ್ಲರಿಗಿಂತ ಚಿಕ್ಕವನು, ಎದುರು ಮಾತಾಡದವನು ಎಂದು ತಮ್ಮನನ್ನು ಹಿಡಿದು ಅಲ್ಲಿ ನಿಲ್ಲಿಸಿದ್ದು ಸ್ವಂತ ಅಣ್ಣನೇ. ಚೆಂಡು ಬಿದ್ದರೆ ಇಳಿದು ತೆಗೆಯುವ ಕೆಲಸವೂ ಅವನದೇ. ಮನೆಗೆ ಹೋದರೆ ಅಮ್ಮ ಹಿತ್ತಲ ನಲ್ಲಿಯ ಹತ್ತಿರವೇ ತಡೆದು ನಿಲ್ಲಿಸಿ ಮಂಗಳಾರತಿ ಎತ್ತುತ್ತಿದ್ದಳು. ಬೈಸಿಕೊಂಡು ಬೈಸಿಕೊಂಡು ಸಾಕಾಗಿ ಅವನು ಒಂದು ವಿದ್ಯೆ ಕಲಿತ. ಮೋರಿಯ ತುಟಿಯ ಮೇಲೆ ಚೆಂಡನ್ನು ಎಡಗಾಲಿನಲ್ಲೇ ಅಂಟಿಸಿಕೊಂಡು ಓಡುವುದು, ತಾನೂ ಬೀಳದೆ, ಅದನ್ನೂ ಬೀಳಿಸದೆ. ಬಲಗಡೆಯಿಂದ ಯಾರು ಕಾಲು ಹಾಕಿದರೂ ಸಿಗುತ್ತಿರಲಿಲ್ಲ. ಬರೆಯುವುದು, ಉಣ್ಣುವುದು ಎಲ್ಲ ಬಲಗೈಯಲ್ಲೇ ಮಾಡುವ ಹುಡುಗನಿಗೆ ಎಡಚ ಎಂಬ ಹೆಸರು ಗಲ್ಲಿಯಲ್ಲೇ ಬಿತ್ತು. ಅದು ಸಮುದ್ರ ದಾಟಿದರೂ ಬಿಡಲಿಲ್ಲ.

ಸಮುದ್ರ ದಾಟಿದ್ದು ಇಪ್ಪತ್ತರ ವಯಸ್ಸಿನಲ್ಲಿ. ಆಟಗಾರರನ್ನು ಹುಡುಕಿಕೊಂಡು ಬಂದ ಒಬ್ಬ ದಲ್ಲಾಳಿ ಇವನ ಓಟ ನೋಡಿ, ಹೊರದೇಶದ ಒಂದು ಕ್ಲಬ್ಬಿಗೆ ಗಂಟು ಹಾಕಿಸಿದ. ಆಮೇಲಿನದು ಪತ್ರಿಕೆಗಳಲ್ಲಿ ಬರುವಂಥ ಕಥೆಯಲ್ಲ. ಮೊದಲನೇ ಕ್ಲಬ್ಬಿನಲ್ಲಿ ಒಂದಿಡೀ ವರ್ಷ ಬೆಂಚು ಬಿಸಿ ಮಾಡಿದ, ಅಲ್ಲಿದ್ದಾಗಲೇ ಮದುವೆಯೂ ಆಯಿತು. ಎರಡನೆಯದರಲ್ಲಿ ಚೆನ್ನಾಗಿಯೇ ಆಡುತ್ತಿದ್ದ, ಒಂದು ಬೆಳಿಗ್ಗೆ ತಾಲೀಮಿಗೆ ಹೋದರೆ ಗೇಟಿಗೆ ಬೀಗ. ಕ್ಲಬ್ಬು ಮುಳುಗಿತ್ತು, ಅವನ ಬೂಟು ಒಳಗೇ ಉಳಿದಿತ್ತು. ಮೂರನೆಯದರಲ್ಲಿ ಮಗಳು ಹುಟ್ಟಿದಳು, ಕೋಚ್ ಬದಲಾದ, ಹೊಸಬನಿಗೆ ಇವನ ಮುಖ ಹಿಡಿಸಲಿಲ್ಲ. ಪ್ರತಿ ಸಲವೂ ಗಂಟುಮೂಟೆ ಕಟ್ಟಿದವಳು ಹೆಂಡತಿ. ನಾಲ್ಕನೇ ಊರಿಗೆ, ಅಂದರೆ ಈಗಿರುವ ಈ ಊರಿಗೆ, ಬಂದಿಳಿದ ದಿನ ಅವಳು ಖಾಲಿ ರಟ್ಟಿನ ಪೆಟ್ಟಿಗೆಗಳನ್ನೆಲ್ಲ ತುಳಿದು ಚಪ್ಪಟೆ ಮಾಡಿ ಕೆಳಗೆ ಕಸದ ತೊಟ್ಟಿಗೆ ಒಯ್ದು ಹಾಕಿ ಬಂದಳು.

"ರೀ, ನೋಡ್ಕೊಳ್ಳಿ. ಇನ್ನು ಈ ಕೈಯಲ್ಲಿ ನಾನು ಪೆಟ್ಟಿಗೆ ಕಟ್ಟಲ್ಲ."

"ಆಯ್ತು ಕಣೇ, ಇದೇ ಕೊನೆ," ಎಂದ ಎಡಚ. ಹಿಂದಿನ ಎರಡು ಊರುಗಳಲ್ಲೂ ಅದನ್ನೇ ಹೇಳಿದ್ದ.

ಊರು ಚಿಕ್ಕದು, ಚೊಕ್ಕದು. ಸ್ಟೇಷನ್ನು, ಅದರೆದುರು ಬೈಸಿಕಲ್ಲುಗಳ ರಾಶಿ, ಒಂದು ಬಿಸ್ಕೆಟ್ ಕಾರ್ಖಾನೆ, ಕಾರ್ಖಾನೆಯ ಗೋಡೆಗೆ ಬೆನ್ನು ಕೊಟ್ಟು ಮೈದಾನ. ಹೆಂಡತಿಗೆ ಸ್ಟೇಷನ್ ಪಕ್ಕದ ಓಣಿಯಲ್ಲಿ ಕಟ್ಟುಹಲ್ಲು ತಯಾರಿಸುವ ಒಂದು ಕೋಣೆಯಲ್ಲಿ ಕೆಲಸ ಸಿಕ್ಕಿತು. ದಿನವಿಡೀ ದೀಪದ ಕೆಳಗೆ ಕುಳಿತು ಯಾರದೋ ಬಾಯಿಯ ಅಚ್ಚಿಗೆ ಮೇಣದ ಹಲ್ಲು ಕೂರಿಸುವುದು, ಕೆರೆಯುವುದು, ನಯ ಮಾಡುವುದು. ಮನೆಗೆ ಬರುವಾಗ ಕೂದಲ ತುಂಬ ಬಿಳಿ ಪುಡಿ. "ನಿಮ್ಮ ಕಾಲು ಕೈಕೊಟ್ರೂ ಚಿಂತೆ ಇಲ್ಲ, ಹಲ್ಲು ಹೋದ್ರೆ ಮಾತ್ರ ಹೇಳಿ," ಎಂದು ಗಂಡನನ್ನು ಕಿಚಾಯಿಸುತ್ತಿದ್ದಳು.

ಕಷ್ಟವಾದದ್ದು ಮಗಳಿಗೆ. ಆಗ ಅವಳಿಗೆ ಐದು. ಹಿಂದಿನ ಊರಿನ ಮಾತನ್ನು ಪಟಪಟ ಆಡುತ್ತಿದ್ದವಳು ಇಲ್ಲಿಯ ಶಾಲೆಯಲ್ಲಿ ತುಟಿ ಪಿಟಕ್ಕೆನ್ನಲಿಲ್ಲ. ಒಂದು ವಾರ, ಒಂದು ತಿಂಗಳು, ಚಳಿಗಾಲ ಪೂರ್ತಿ. ಕ್ರಮೇಣ ಮನೆಯಲ್ಲೂ ಮಾತು ನಿಂತಿತು. ಬೇಕಾದ್ದನ್ನು ಬೆರಳಲ್ಲಿ ತೋರಿಸುತ್ತಿದ್ದಳು. ಟೀಚರು ಕರೆಸಿ, ಡಾಕ್ಟರು ನೋಡಿ, ಕಿವಿ ಗಂಟಲು ಎಲ್ಲ ಸರಿಯಿದೆ ಎಂದರು. ಎಡಚನಿಗೆ ಆ ಚಳಿಗಾಲದಷ್ಟು ಹೆದರಿಕೆ ಜೀವಮಾನದಲ್ಲಿ ಆಗಿರಲಿಲ್ಲ. ಮಗು ಮಲಗಿದ ಮೇಲೆ ಗಂಡ ಹೆಂಡತಿ ಅಡಿಗೆಮನೆಯಲ್ಲಿ ಎದುರುಬದುರು ಕುಳಿತಿರುತ್ತಿದ್ದರು, ಅವರಿಗೂ ಮಾತು ಹೊರಡುತ್ತಿರಲಿಲ್ಲ.

ಕೊನೆಗೆ ಕಾಪಾಡಿದ್ದು ಡಾಕ್ಟರೂ ಅಲ್ಲ, ಟೀಚರೂ ಅಲ್ಲ, ಕಟ್ಟಡದ ಲಿಫ್ಟು. ಒಂದು ಸಂಜೆ ಎರಡು ಮಹಡಿಗಳ ನಡುವೆ ಅದು ಕೆಟ್ಟು ನಿಂತಿತು. ಒಳಗೆ ಇವರ ಮಗಳು, ಕೆಳಗಿನ ಮನೆಯ ಅದೇ ವಯಸ್ಸಿನ ಹುಡುಗಿ, ಇಬ್ಬರೇ. ಮೆಕ್ಯಾನಿಕ್ ಬಂದು ಬಾಗಿಲು ಬಿಡಿಸುವಷ್ಟರಲ್ಲಿ ಒಳಗಿನಿಂದ ಎರಡು ದನಿ ಕೇಳುತ್ತಿತ್ತು. ಅಂದು ಶುರುವಾದ ಮಾತು ನಿಂತಿಲ್ಲ. ಈಗ ಅವಳಿಗೆ ಹತ್ತು. ಹಲ್ಲುಜ್ಜುವಾಗಲೂ ಬಾಯಿ ತುಂಬ ನೊರೆ ಇಟ್ಟುಕೊಂಡು ಮಾತಾಡುತ್ತಾಳೆ. ಅಮ್ಮ ಸಾಕಪ್ಪಾ ಸಾಕು ಎಂದರೂ ಅಪ್ಪ ಒಂದು ದಿನವೂ ಸುಮ್ಮನಿರು ಎಂದವನಲ್ಲ.

ಈ ಊರ ಮಾತನ್ನು ಎಡಚ ಕಲಿತ ಬಗೆಯನ್ನೂ ಹೇಳಲೇಬೇಕು. ಎಡಗಡೆಯ ವಿಂಗರ್ ಅರ್ಧ ಆಟವನ್ನು ಕೋಚ್ ಕೂರುವ ಬದಿಯಲ್ಲಿ ಆಡುತ್ತಾನೆ, ತಂಡಗಳು ಬದಿ ಬದಲಿಸಿದ ಮೇಲೆ ಉಳಿದರ್ಧವನ್ನು ಎದುರಿನ ಬದಿಯಲ್ಲಿ. ಇಲ್ಲಿ ಎದುರಿನ ಬದಿಯಲ್ಲಿರುವುದು ಮರದ ಬೆಂಚುಗಳ ಅಗ್ಗದ ಸ್ಟ್ಯಾಂಡು, ಗೆರೆಯಿಂದ ಮೂರು ಮಾರು ದೂರ. ಮಧ್ಯದಲ್ಲಿ ಆಡುವವರಿಗೆ ಜನರ ಗದ್ದಲ ಕೇಳುತ್ತದೆ. ವಿಂಗರ್‌ಗೆ ಜನ ಕೇಳುತ್ತಾರೆ, ಒಬ್ಬೊಬ್ಬರಾಗಿ, ಹೆಸರು ಹಿಡಿದು. ಅಲ್ಲಿ ಮೊದಲ ಸಾಲಿನ ಕಂಬಿಗೆ ಮೊಣಕೈ ಊರಿ ಕೂರುವವಳು ಕಂಡಕ್ಟರಮ್ಮ. ಸಿಟಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದು ನಿವೃತ್ತಳಾದ ಹೆಂಗಸು, ಗಂಟಲು ಮಾತ್ರ ನಿವೃತ್ತವಾಗಿಲ್ಲ. ಎಡಚನ ಕಾಲಿಗೆ ಚೆಂಡು ಸಿಕ್ಕಿತೋ, ಆರಂಭ: "ಮುಂದೆ ಹೋಗೋ! ಮುಂದೆ ಅಷ್ಟು ಜಾಗ ಇದೆ, ಇಲ್ಲೇ ಯಾಕೆ ನಿಂತಿದ್ದೀಯ, ಮುಂದೆ ಹೋಗೋ!" ಅವನು ಎದುರಾಳಿಯನ್ನು ದಾಟಿದರೆ, "ಭೇಷ್, ನನ್ನ ಕತ್ತೆ!" ಚೆಂಡು ಕಳೆದುಕೊಂಡರೆ ಸಹಸ್ರನಾಮ.

ಆ ಬೆಂಚುಗಳೇ ಅವನ ಶಾಲೆ. ಮೊದಲ ವರ್ಷದ ಕೊನೆಯಲ್ಲಿ ಕ್ಲಬ್ಬಿನ ಊಟಕ್ಕೆ ಅಧ್ಯಕ್ಷರು ಬಂದು, ಒಳ್ಳೆಯ ಭಾಷಣ ಮಾಡಿ, ಎಡಚನ ಕೈ ಕುಲುಕಿದರು. ತಾನೂ ಎರಡು ಒಳ್ಳೆಯ ಮಾತಾಡಬೇಕೆಂದು ಅವನು ತನಗೆ ಗೊತ್ತಿದ್ದ ಅತ್ಯಂತ ಪ್ರೀತಿಯ ಮಾತನ್ನೇ ಹೇಳಿದ: "ಭೇಷ್, ನನ್ನ ಕತ್ತೆ!" ಅಧ್ಯಕ್ಷರ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಬೀರು ಬಂದು ಸಮಾಧಾನ ಮಾಡದಿದ್ದರೆ ಅವತ್ತೇ ಗಂಟುಮೂಟೆ ಕಟ್ಟಬೇಕಾಗುತ್ತಿತ್ತು. ಬೀರು ಅಂದರೆ ತಂಡದ ನಾಯಕ, ಹಿಂದಿನ ಸಾಲಿನ ಮಧ್ಯದಲ್ಲಿ ಆಡುವವನು. ಕಬ್ಬಿಣದ ಬೀರುವಿನಷ್ಟೇ ಎತ್ತರ, ಅಷ್ಟೇ ಅಗಲ. ಅದಾದ ಮೇಲೆ ಅಧ್ಯಕ್ಷರು ಎಡಚನನ್ನು ಕಂಡಾಗಲೆಲ್ಲ ಒಂದು ಹೆಜ್ಜೆ ದೂರವೇ ನಿಂತು ಮಾತಾಡಿಸುತ್ತಿದ್ದರು.

ಹೀಗೆ ಐದು ವರ್ಷ ಓಡಿದ. ಈಗ ವಯಸ್ಸು ಮೂವತ್ತನಾಲ್ಕು. ವಿಂಗರ್‌ನ ವೇಗ ಹೇಳದೆ ಕೇಳದೆ ಹೋಗುತ್ತದೆ. ನಿನ್ನೆ ದಾಟಿದವನನ್ನು ಇವತ್ತೂ ದಾಟುತ್ತೀರಿ, ಆದರೆ ಅವನು ಮತ್ತೆ ಪಕ್ಕದಲ್ಲೇ ಇರುತ್ತಾನೆ. ಎಡಚನಿಗೆ ಮೊದಲು ಅದು ಗಾಳಿಯ ತಪ್ಪೆನಿಸಿತು, ಆಮೇಲೆ ಬೂಟಿನ ತಪ್ಪು, ಆಮೇಲೆ ಹುಲ್ಲಿನದು. ತಾಲೀಮಿನಲ್ಲಿ ಒಂದು ದಿನ ಬೀರು, ಆ ಬೀರು, ಅವನನ್ನು ಓಡಿ ಹಿಡಿದ. ಹಿಡಿದವನಿಗೇ ನಾಚಿಕೆಯಾಗಿ, ಬೂಟಿನ ದಾರ ಕಟ್ಟುವ ನೆಪದಲ್ಲಿ ಬಗ್ಗಿಬಿಟ್ಟ.

ಹೊಸದಾಗಿ ಬಂದಿದ್ದ ಕೋಚ್ ಅದನ್ನೂ ನೋಡಿದ್ದ. ಮಾತು ಕಡಿಮೆ, ಮಾತಾಡಿದರೆ ಮೂಗಿನ ನೇರಕ್ಕೆ. ತನ್ನ ಕೋಣೆಗೆ ಕರೆಸಿ ಬಾಗಿಲು ಹಾಕಿದ.

"ನಿನ್ನ ಒಪ್ಪಂದ ಈ ಸೀಸನ್ನಿಗೆ ಮುಗಿಯುತ್ತೆ. ವಿಂಗರ್ ಅಂತ ನಿನ್ನ ಮತ್ತೆ ತಗೊಳ್ಳೋಕೆ ಆಗಲ್ಲ. ಕಾಲಲ್ಲಿ ಓಟ ಇಲ್ಲ."

ಎಡಚ ತನ್ನ ಮೊಣಕಾಲು ನೋಡಿಕೊಂಡ.

"ಆದ್ರೆ ಬುದ್ಧಿ ಇದೆ. ನಮ್ಮ ಎಡಗಡೆ ಬ್ಯಾಕ್ ಭುಜದ ಮೂಳೆ ಮುರ್ಕೊಂಡಿದಾನೆ. ಉಳಿದಿರೋದು ಮೂರು ಆಟ. ಹಿಂದೆ ಬಂದು ಆಡು. ಸರಿ ಹೋದ್ರೆ ಇನ್ನೆರಡು ವರ್ಷ ಇಲ್ಲೇ ಇರು. ಇಲ್ಲಾಂದ್ರೆ ಕೈ ಕುಲುಕಿ ಬೀಳ್ಕೊಡ್ತೀನಿ."

ಬ್ಯಾಕ್ ಎಂದರೆ ಅದೇ ಗೆರೆ, ಅದೇ ಬದಿ, ಆದರೆ ಬೆನ್ನು ತನ್ನ ಗೋಲಿಗೆ, ಮುಖ ಎದುರಿನಿಂದ ನುಗ್ಗಿ ಬರುವವನಿಗೆ. ಇಷ್ಟು ವರ್ಷ ಯಾರನ್ನು ಏಮಾರಿಸಿ ಅನ್ನ ತಿಂದನೋ, ಇನ್ನು ಅವನೇ ತಾನಾಗಬೇಕು. ಎಡಚನಿಗೆ ಥಟ್ಟನೆ ಆಗಲ್ಲ ಎನ್ನಬೇಕೆನಿಸಿತು. ಆದರೆ ಕ್ಲಬ್ಬಿನ ಒಪ್ಪಂದ ಇರುವವರೆಗೆ ಮಾತ್ರ ಈ ದೇಶದಲ್ಲಿರಲು ಅವರಿಗೆ ಪರವಾನಗಿ. ಹೆಂಡತಿಯ ಕೆಲಸ, ಮಗಳ ಶಾಲೆ ಎಲ್ಲ ಅದಕ್ಕೇ ನೇತುಬಿದ್ದಿತ್ತು. ಮೂವತ್ತನಾಲ್ಕರ ವಿಂಗರ್‌ನನ್ನು ಬೇರೆ ಯಾವ ಕ್ಲಬ್ಬು ಕರೆಯುತ್ತದೆ? ಮತ್ತೆ ಇನ್ನೊಂದು ದೇಶ, ಇನ್ನೊಂದು ಶಾಲೆ, ಇನ್ನೊಂದು ಮಾತು. ಅವನ ಕಣ್ಣಮುಂದೆ ಬಂದದ್ದು ಬೆರಳು ತೋರಿಸುತ್ತ ನಿಂತ ಐದು ವರ್ಷದ ಮಗು.

"ಆಡ್ತೀನಿ ಸರ್," ಎಂದ.

ರಾತ್ರಿ ಊಟಕ್ಕೆ ಕುಳಿತಾಗ ಹೆಂಡತಿಗೆ ಹೇಳಿದ. ಅವಳು ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು.

"ನಿಮಗೆ ಹಿಂದೆ ನಿಲ್ಲೋಕೆ ಬರುತ್ತೇನ್ರೀ?"

"ನಿಲ್ಲೋದರಲ್ಲೇನಿದೆ, ಎಲ್ಲರೂ ನಿಲ್ತಾರೆ."

"ನೀವು ಬ್ಯಾಂಕಲ್ಲಿ ಕ್ಯೂ ನಿಲ್ಲೋದನ್ನ ನಾನು ನೋಡಿದ್ದೀನಿ," ಎಂದಳು ಅವಳು.

ಮೊದಲ ಆಟ ಊರ ಮೈದಾನದಲ್ಲೇ ಇತ್ತು. ಮುಕ್ಕಾಲು ಪಾಲು ಎಲ್ಲ ನೆಟ್ಟಗಿತ್ತು. ಎಡಚ ಹಲ್ಲು ಕಚ್ಚಿಕೊಂಡು ಹಿಂದೆ ನಿಂತ, ಬಂದವರನ್ನು ತಡೆದ, ಚೆಂಡನ್ನು ಬೀರುವಿಗೆ ಒಪ್ಪಿಸಿದ. ಅಷ್ಟರಲ್ಲಿ ಒಂದು ಚೆಂಡು ತಾನಾಗಿ ಅವನ ಎಡಗಾಲಿಗೆ ಬಂದು ಬಿತ್ತು. ಮುಂದೆ ಹಸಿರು ಬಯಲು, ಪಕ್ಕದಲ್ಲಿ ಬಿಳಿ ಗೆರೆ, ಗೆರೆಯಾಚೆ ಕಂಡಕ್ಟರಮ್ಮ. "ಜಾಗ ಇದೆ, ಮುಂದೆ ಹೋಗೋ!" ಬ್ಯಾಕ್ ಆಗಿ ಹುಟ್ಟಿ ಬೆಳೆದ ಯಾವನೂ ಮಾಡದ ತಪ್ಪನ್ನು ಅವನು ಮಾಡಿದ. ಓಡಿದ. ಮೈದಾನದ ಆ ತುದಿಯವರೆಗೂ ಓಡಿ, ನೋಡುವಂಥ ಚೆಂಡೊಂದನ್ನು ಗೋಲಿನ ಮುಂದೆ ಎತ್ತಿ ಹಾಕಿದ. ಅಲ್ಲಿ ತಲೆ ಕೊಡಲು ಒಬ್ಬನೂ ಇರಲಿಲ್ಲ, ಬ್ಯಾಕ್ ಓಡಿ ಬರುತ್ತಾನೆಂದು ಯಾರು ಕನಸು ಕಂಡಿದ್ದರು? ಎದುರಾಳಿ ಗೋಲ್‌ಕೀಪರ್ ಆರಾಮಾಗಿ ಹಿಡಿದು, ಎಡಚ ಖಾಲಿ ಬಿಟ್ಟು ಬಂದಿದ್ದ ಮೂಲೆಗೇ ಎಸೆದ. "ಭೇಷ್, ನನ್ನ ಕತ್ತೆ" ಎಂದು ಎದ್ದು ನಿಂತ ಕಂಡಕ್ಟರಮ್ಮ ಕೂರುವ ಮೊದಲೇ ಗೋಲಾಗಿತ್ತು. ಸೋತರು.

"ಯಾಕೆ ಓಡಿದೆ?" ಕೋಚ್ ಕೇಳಿದ್ದು ಅಷ್ಟೇ.

"ಜಾಗ ಇತ್ತು ಸರ್."

"ಆ ಜಾಗ ನಿನ್ನದಲ್ಲ. ನೀನು ಬಿಟ್ಟು ಹೋದೆಯಲ್ಲ, ಅದು ನಿನ್ನದು."

ಸೋಮವಾರ ತಾಲೀಮಿಗೆ ಹೋದರೆ ಕೋಚ್ ಕೈಯಲ್ಲಿ ಹಗ್ಗ. ಹಿಂದಿನ ಸಾಲಿನ ನಾಲ್ವರ ಸೊಂಟಕ್ಕೂ ಒಂದೇ ಹಗ್ಗ ಬಿಗಿದು, ನಡುವೆ ಅಷ್ಟಷ್ಟೇ ಅಂತರ ಬಿಟ್ಟ. ಚೆಂಡು ಆ ಕಡೆ ಹೋದರೆ ನಾಲ್ವರೂ ಆ ಕಡೆ, ಈ ಕಡೆ ಬಂದರೆ ನಾಲ್ವರೂ ಈ ಕಡೆ, ಮುಂದೆ ಹೋದರೂ ಹಿಂದೆ ಬಂದರೂ ಒಟ್ಟಿಗೆ. ಇದು ಬ್ಯಾಕುಗಳ ಹಳೇ ಪಾಠ. ಉಳಿದ ಮೂವರಿಗೆ ನೀರು ಕುಡಿದಷ್ಟು ಸಲೀಸು. ಎಡಚ ಮಾತ್ರ ಚೆಂಡು ಕಂಡಕೂಡಲೇ ಚಂಗನೆ ಹಾರುತ್ತಿದ್ದ, ಹಾರಿದರೆ ಹಗ್ಗ ಸೆಟೆದು ಬೀರು ಮಗುಚಿ ಬೀಳುತ್ತಿದ್ದ.

"ಲೇ ಎಡಚ, ನನ್ನ ಸೊಂಟ ಮುರಿಯೋಕೆ ಎಷ್ಟು ಜನರ ಹತ್ರ ಸುಪಾರಿ ತಗೊಂಡಿದೀಯೋ!"

"ನಾನೇನು ಮಾಡ್ಲಪ್ಪ, ಕಾಲು ನನ್ನ ಮಾತು ಕೇಳಲ್ಲ."

"ಹಾಗಿದ್ರೆ ನಾಳೆಯಿಂದ ಕಾಲು ಮನೇಲಿಟ್ಟು ಬಾ."

ರಾತ್ರಿ ಅಂಗಿ ಬಿಚ್ಚಿದಾಗ ಸೊಂಟದ ಸುತ್ತ ಕೆಂಪು ಬರೆ ಕಂಡು ಹೆಂಡತಿ ಹೌಹಾರಿದಳು. ಹಗ್ಗದ ಕಥೆ ಕೇಳಿದ ಮೇಲೆ ನಕ್ಕು ನಕ್ಕು ಗೋಡೆಗೆ ಒರಗಿದಳು. "ನೋಡ್ರೀ, ಇಷ್ಟು ವರ್ಷ ನಾನು ಹಗ್ಗ ಇಲ್ದೇನೇ ಸಂಭಾಳಿಸಿದ್ದೀನಿ. ನಿಮ್ಮ ಕೋಚ್‌ಗೆ ಹೇಳಿ." ಎಣ್ಣೆ ಹಚ್ಚುತ್ತ ಹಚ್ಚುತ್ತ ಅವಳ ನಗು ಕಡಿಮೆಯಾಯಿತು. ಬರೆ ನಿಜವಾಗಿಯೂ ಆಳವಾಗಿತ್ತು.

ಎರಡನೇ ಆಟ ಪರ ಊರಿನಲ್ಲಿ. ಅಲ್ಲಿ ಕಂಡಕ್ಟರಮ್ಮ ಇರಲಿಲ್ಲ, ಎಡಚ ಬಚಾವಾದ. ಹಗ್ಗ ಇಲ್ಲದಿದ್ದರೂ ಇದೆ ಎಂದುಕೊಂಡು ಆಡಿದ. ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ, ಬ್ಯಾಕ್ ಆಡಿದ ಆಟದಲ್ಲಿ ಹೇಳಿಕೊಳ್ಳುವಂಥದ್ದು ಆಗದಿದ್ದರೆ ಅದೇ ಹೊಗಳಿಕೆ. ಬಸ್ಸಿನಲ್ಲಿ ಹಿಂದಿರುಗುವಾಗ ಕೋಚ್ ಅವನ ಪಕ್ಕದ ಸೀಟಿಗೆ ಬಂದು ಕುಳಿತು, ಒಂದು ಸೇಬು ಕೊಟ್ಟು ಎದ್ದು ಹೋದ.

ಉಳಿದದ್ದು ಕೊನೆಯ ಆಟ, ಊರಲ್ಲೇ. ಸೋತರೆ ತಂಡ ಕೆಳಗಿನ ದರ್ಜೆಗೆ ಇಳಿಯುತ್ತದೆ, ಸಮ ಮಾಡಿಕೊಂಡರೂ ಸಾಕು, ಉಳಿಯುತ್ತದೆ. ತಂಡ ಇಳಿದರೆ ಎಡಚನ ಒಪ್ಪಂದದ ಮಾತೇ ಬರುವುದಿಲ್ಲ. ಅಂದು ಹೆಂಡತಿ ಕೆಲಸಕ್ಕೆ ರಜೆ ಹಾಕಿ, ಮಗಳನ್ನೂ ಕರೆದುಕೊಂಡು ಬಂದಳು. ಆಟಗಾರರ ಮನೆಯವರಿಗೆ ಮೆತ್ತನೆಯ ಕುರ್ಚಿಗಳಿದ್ದವು, ಅವಳು ಅಲ್ಲಿ ಕೂರಲಿಲ್ಲ. ಗಂಡ ಹತ್ತಿರ ಕಾಣಬೇಕೆಂದು ಮರದ ಬೆಂಚಿನಲ್ಲೇ, ಕಂಡಕ್ಟರಮ್ಮನಿಗಿಂತ ಎರಡು ಸಾಲು ಹಿಂದೆ ಕುಳಿತಳು. ಮಗಳು ಕುಳಿತ ಗಳಿಗೆಯಿಂದ ಅಕ್ಕಪಕ್ಕದವರಿಗೆಲ್ಲ "ಅವರು ನಮ್ಮಪ್ಪ" ಎಂದು ಸಾರಿದಳು.

ಎದುರಾಳಿ ತಂಡದ ವಿಂಗರ್ ಇನ್ನೂ ಮೀಸೆ ಸರಿಯಾಗಿ ಮೂಡದ ಪೋರ, ಕಾಲಿಗೆ ಚಕ್ರ ಕಟ್ಟಿಕೊಂಡವನು. ಓಟದಲ್ಲಿ ಅವನ ಸಮ ಎಡಚ ಏಳು ಜನ್ಮ ಎತ್ತಿದರೂ ಬರುತ್ತಿರಲಿಲ್ಲ. ಆದರೆ ಪೋರ ಒಳಗಡೆಗೆ ಕಣ್ಣು ಹಾಯಿಸಿ ಹೊರಗಡೆಗೆ ನುಗ್ಗುತ್ತಿದ್ದ, ಭುಜ ಕುಣಿಸುತ್ತಿದ್ದ, ಒಂದು ಕ್ಷಣ ನಿಂತಹಾಗೆ ಮಾಡಿ ಹಾರುತ್ತಿದ್ದ. ಎಡಚನಿಗೆ ಒಳಗೊಳಗೇ ನಗು ಬಂತು. ಈ ಕಳ್ಳಾಟಗಳನ್ನೆಲ್ಲ ಅವನು ಆಡಿ ಹಳತು ಮಾಡಿದ್ದ. ಪೋರ ಹೊರಡುವ ಮೊದಲೇ ಹೋಗಿ ನಿಂತಿರುತ್ತಿದ್ದ. ಮೂರು ಸಲ, ನಾಲ್ಕು ಸಲ ಹಾಗಾದ ಮೇಲೆ ಪೋರನ ಮುಖ ಸಪ್ಪೆಯಾಯಿತು. "ಏನಣ್ಣ, ನನ್ನ ತಲೆಯೊಳಗೆ ಕೂತಿದೀರಾ?" ಎಂದು ಕೇಳಿಯೇಬಿಟ್ಟ.

ಮಧ್ಯಂತರದ ನಂತರ ಬದಿ ಬದಲಾಗಿ ಎಡಚ ಬೆಂಚುಗಳ ಬದಿಗೆ ಬಂದ. ಕಂಡಕ್ಟರಮ್ಮನಿಗೆ ಮೊದಲೇ ಅಸಮಾಧಾನ. "ಯಾಕೋ, ಇಲ್ಲೇ ನಿಂತಿದೀಯ? ಗಾಡಿ ಕೆಟ್ಟೋಯ್ತಾ? ತಳ್ಳೋಕೆ ಜನ ಬೇಕಾ?" ಬೆಂಚುಗಳ ತುಂಬ ನಗು. ಮಗಳೂ ನಕ್ಕಳು, ಆಮೇಲೆ ಅಪ್ಪನ ಮುಖ ನೋಡಿ ನಿಲ್ಲಿಸಿದಳು.

ಎರಡು ಕಡೆಯೂ ಗೋಲಿಲ್ಲ. ಗಡಿಯಾರ ಕೊನೆಯ ನಿಮಿಷಗಳಿಗೆ ಬಂತು. ಆಗ ಪೋರ ಮತ್ತೊಮ್ಮೆ ನುಗ್ಗಿದ, ಹುಲ್ಲಿನಲ್ಲಿ ಕಾಲು ಜಾರಿ ಬಿದ್ದ, ಚೆಂಡು ತಾನಾಗಿ ಉರುಳಿ ಎಡಚನ ಎಡಗಾಲಿನ ಹತ್ತಿರ ಬಂದು ನಿಂತಿತು. ಅವನು ತಲೆಯೆತ್ತಿದ. ಎದುರಾಳಿಗಳೆಲ್ಲ ಗೋಲಿನಾಸೆಗೆ ಇತ್ತ ಬಂದುಬಿಟ್ಟಿದ್ದರು. ಮುಂದೆ ಒಬ್ಬನೂ ಇರಲಿಲ್ಲ. ಗೆರೆ ನೆಟ್ಟಗೆ ಆ ತುದಿಯ ಮೂಲೆಯವರೆಗೆ ಹೋಗಿತ್ತು, ಗೆರೆಯ ಪಕ್ಕ ಹುಲ್ಲು ಖಾಲಿ ಬಿದ್ದಿತ್ತು. ಹದಿನಾಲ್ಕು ವರ್ಷಗಳಲ್ಲಿ ಇಷ್ಟು ಜಾಗ ಅವನಿಗೆ ಒಮ್ಮೆಯೂ ಸಿಕ್ಕಿರಲಿಲ್ಲ.

"ಹೋಗೋ!" ಕಂಡಕ್ಟರಮ್ಮ ಕಂಬಿ ಹಿಡಿದು ಎದ್ದಳು. "ಮುಂದೆ ಹೋಗೋ, ನನ್ನ ಕತ್ತೆ, ಹೋಗೋ!" ಬೆಂಚುಗಳೆಲ್ಲ ಎದ್ದು ನಿಂತವು. ಇಡೀ ಸ್ಟ್ಯಾಂಡು ಒಂದೇ ಬಾಯಲ್ಲಿ ಹೋಗು ಹೋಗು ಎಂದು ಕೂಗಿತು. ಅಷ್ಟು ಜನ ಒಟ್ಟಿಗೆ ಅವನನ್ನು ಕೂಗಿದ್ದು ಅದೇ ಮೊದಲು.

ಎಡಚ ಚೆಂಡನ್ನು ಹಿಂದಕ್ಕೆ, ತನ್ನ ಗೋಲ್‌ಕೀಪರ್‌ಗೆ, ಮೆಲ್ಲಗೆ ಉರುಳಿಸಿದ.

ಅಯ್ಯೋ ಎಂಬ ಉದ್ಗಾರ ಎದ್ದು ಹಾಗೇ ಕುಸಿಯಿತು. ಜನ ಒಬ್ಬೊಬ್ಬರಾಗಿ ಕುಳಿತರು. ಗೋಲ್‌ಕೀಪರ್ ಚೆಂಡನ್ನು ದೂರ ಒದ್ದ, ಸ್ವಲ್ಪ ಹೊತ್ತಿಗೆ ರೆಫರಿ ಸೀಟಿ ಊದಿದ. ಆಟ ಸಮ, ತಂಡ ಉಳಿಯಿತು. ಬೀರು ಬಂದು ಎಡಚನನ್ನು ಅನಾಮತ್ತಾಗಿ ಎತ್ತಿಕೊಂಡ. ಕೋಚ್ ಮೊದಲ ಸಲ ನಕ್ಕು, "ನಾಳೆ ಬೆಳಿಗ್ಗೆ ಬಂದು ಸೈನ್ ಹಾಕು. ಎರಡು ವರ್ಷ," ಎಂದು ಬೆನ್ನು ತಟ್ಟಿದ. ಎಡಚ ಕೆಳಗಿಳಿದು ಕಂಬಿಯ ಕಡೆ ನಡೆದ. ಕಂಡಕ್ಟರಮ್ಮ ಚೀಲ ಹೆಗಲಿಗೆ ಹಾಕಿಕೊಂಡು ಹೊರಟಿದ್ದಳು. ಸಹಸ್ರನಾಮಕ್ಕೆ ಅವನು ತಯಾರಾಗಿ ನಿಂತ. ಅವಳು ಅವನನ್ನು ಒಂದು ಗಳಿಗೆ ನೋಡಿ, ಕಂಡಕ್ಟರುಗಳು ಗುರುತಿಲ್ಲದ ಪ್ರಯಾಣಿಕರಿಗೆ ಹೇಳುವ ಹಾಗೆ ಹೇಳಿದಳು:

"ಒಳ್ಳೇ ಆಟ ಆಡಿದ್ರಿ. ಬರ್ತೀನಿ."

ಬೈದಿದ್ದರೆ ಅವನಿಗೆ ಅಷ್ಟು ನೋವಾಗುತ್ತಿರಲಿಲ್ಲ. ಸ್ನಾನದ ಕೋಣೆಯಲ್ಲಿ ಉಳಿದವರೆಲ್ಲ ಕೇಕೆ ಹಾಕಿ ನೀರೆರಚಾಡುತ್ತಿದ್ದರು. ಎಡಚ ಮೂಲೆಯ ನಲ್ಲಿಯ ಕೆಳಗೆ ಗೋಡೆಗೆ ಮುಖ ಮಾಡಿ ಬಹಳ ಹೊತ್ತು ನಿಂತ.

ಮನೆಗೆ ಬರುವಾಗ ಇನ್ನೂ ಬೆಳಕಿತ್ತು. ಮೆಟ್ಟಿಲು ಹತ್ತುತ್ತಲೇ ಮಗಳು ಶುರು ಮಾಡಿದಳು. "ಅಪ್ಪ, ಆಗ ಚೆಂಡು ಸಿಕ್ತಲ್ಲ, ಮುಂದೆ ಯಾರೂ ಇರ್ಲಿಲ್ಲ ಅಪ್ಪ! ಅಷ್ಟೊಂದು ಜಾಗ ಇತ್ತು! ನೀನ್ಯಾಕೆ ಓಡ್ಲಿಲ್ಲ?"

"ಕಾಲು ಹಿಡ್ಕೊಂಡಿತ್ತು ಪುಟ್ಟಿ."

"ಓ, ಹಿಡ್ಕೊಂಡಿತ್ತಾ? ನಾನಂದ್ಕೊಂಡೆ!" ಅವಳಿಗೆ ಅಷ್ಟು ಸಾಕಾಯಿತು. ಚಪ್ಪಲಿ ಒಂದೊಂದು ದಿಕ್ಕಿಗೆ ಬಿಸಾಡಿ ಬಾಲ್ಕನಿಗೆ ಓಡಿದಳು.

ಹೆಂಡತಿ ಫ್ರಿಜ್ಜಿನಿಂದ ಐಸ್ ತೆಗೆದು ಬಟ್ಟೆಯಲ್ಲಿ ಕಟ್ಟಿ ತಂದು ಅವನ ಮುಂದೆ ಕುಳಿತಳು.

"ಯಾವ ಕಾಲು ಹಿಡ್ಕೊಂಡಿದ್ದು?"

"ಬಲಗಾಲು," ಎಂದ.

ಅವಳು ಐಸಿನ ಗಂಟನ್ನು ಮೇಜಿನ ಮೇಲಿಟ್ಟುಬಿಟ್ಟಳು. "ಎಲ್ಲರೂ ಚೆಂಡು ನೋಡ್ತಿದ್ರು ರೀ. ನಾನು ನಿಮ್ಮ ಕಾಲು ನೋಡ್ತಿದ್ದೆ. ಹಿಂದಕ್ಕೆ ಕೊಡೋಕೆ ಮುಂಚೆ ನೀವು ಒಂದು ಹೆಜ್ಜೆ ಮುಂದೆ ಇಟ್ರಿ."

ಎಡಚ ತಲೆ ತಗ್ಗಿಸಿದ. "ಇಟ್ಟೆ."

"ಓಡ್ಬೇಕು ಅನಿಸ್ತಾ?"

"ಅನಿಸ್ತು ಕಣೇ. ತುಂಬಾ ಅನಿಸ್ತು. ಇನ್ನು ಮೇಲೆ ಯಾವತ್ತೂ ಆಗಲ್ಲ ಅಂತ ಗೊತ್ತಿತ್ತು, ಅದಕ್ಕೇ ಇನ್ನೂ ಜಾಸ್ತಿ ಅನಿಸ್ತು." ಅಷ್ಟು ಹೇಳುವಷ್ಟರಲ್ಲಿ ಅತ್ತುಬಿಟ್ಟ. ಮದುವೆಯಾದ ಮೇಲೆ ಅವಳ ಮುಂದೆ ಅವನು ಅತ್ತಿರಲಿಲ್ಲ. ಅವಳು ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದು ಅವನ ಕೈ ಹಿಡಿದುಕೊಂಡಳು.

"ಕೇಳಿ," ಎಂದಳು.

ಬಾಲ್ಕನಿಯಿಂದ ಮಗಳು ಕೆಳಗಿನ ಮನೆಯ ಗೆಳತಿಗೆ ಆಟವನ್ನು ಮೊದಲಿನಿಂದ ಹೇಳುತ್ತಿದ್ದಳು. ಅಪ್ಪನಿಗೆ ಕಾಲು ಹಿಡಿದುಕೊಂಡಿತ್ತಂತೆ, ಇಲ್ಲದಿದ್ದರೆ ಗೋಲೇ ಅಂತೆ, ಒಂದಲ್ಲ ಎರಡು ಗೋಲಂತೆ, ಎದುರಾಳಿ ಹುಡುಗ ಅಪ್ಪನ ಕಾಲಿಗೆ ಬಿದ್ದನಂತೆ. ಈ ಊರ ಮಾತಿನಲ್ಲಿ ಅವಳು ಎಷ್ಟು ವೇಗವಾಗಿ ಹೋಗುತ್ತಿದ್ದಳೆಂದರೆ ಅವರಿಗೆ ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ. ಅವಳು ಉಸಿರಿಗೂ ನಿಲ್ಲಿಸಲಿಲ್ಲ. ಐಸು ಕರಗಿ ಮೇಜಿನಿಂದ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಇಬ್ಬರೂ ಒರೆಸಲು ಏಳದೆ ಕೇಳುತ್ತ ಕುಳಿತರು.